ಕಿಂಡಿಯಲ್ಲಿ ಕಂಡ ಕೈಗಳು
ಬಸ್ ನಿಲ್ದಾಣದಲ್ಲಿ ಟಿಕೆಟ್ ಕೊಡುವ ಅತ್ತಿಗೆಗೆ ಪ್ರಯಾಣಿಕರ ಮುಖ ಕಾಣುವುದಿಲ್ಲ, ಕಿಂಡಿ ಅಷ್ಟು ತಗ್ಗು. ಅವಳಿಗೆ ಪರಿಚಯವಿರುವುದು ಕೈಗಳಷ್ಟೇ. ರಜೆಯ ದಿನ ತಾನೇ ಹೆಣೆದ ಉಣ್ಣೆಯ ಕೈಗವಸುಗಳನ್ನು ಪೇಟೆಯ ಮೂಲೆಯಲ್ಲಿ ಹರವಿಕೊಂಡು ಕೂರುತ್ತಾಳೆ, ಜೊತೆಗೆ ನಾದಿನಿ. ಟೇಪು ಹಿಡಿದು ಅಳೆಯುವ ಮಾತೇ ಇಲ್ಲ. "ಅದು ಬಿಡಿ, ನಿಮ್ಮ ಹೆಬ್ಬೆರಳು ಗಿಡ್ಡ, ಇದು ಹಾಕ್ಕೊಳ್ಳಿ" ಎನ್ನುತ್ತಾಳೆ. ಹಾಕಿಕೊಂಡರೆ ಮೈಚರ್ಮದ ಹಾಗೆ ಕೂರುತ್ತದೆ. ತನ್ನ ಮೇಲಧಿಕಾರಿಯನ್ನೂ ಮನೆಯಲ್ಲಿ "ಉಗುರು ಕಚ್ಚೋರು" ಎಂದೇ ಕರೆಯುತ್ತಾಳೆ. "ನೀನು ವ್ಯಾಪಾರ ಮಾಡ್ತೀಯೋ, ಭವಿಷ್ಯ ಹೇಳ್ತೀಯೋ?" ಎಂದು ನಾದಿನಿ ಛೇಡಿಸುತ್ತಿದ್ದಳು. ಮೊನ್ನೆ ಹಿರಿಯರೊಬ್ಬರು ಎಡಗೈಯನ್ನು ಜೇಬಿನಲ್ಲೇ ಇಟ್ಟುಕೊಂಡು ನೋಡುತ್ತ ನಿಂತರು. ನಾದಿನಿ ಕರೆದದ್ದಕ್ಕೆ, "ನನಗಾಗೋದು ಎಲ್ಲೂ ಸಿಗಲ್ಲಮ್ಮ" ಎಂದು ಹೊರಟರು. ಅತ್ತಿಗೆ ಅವರ ಬಲಗೈಯನ್ನು ಕಂಡೇ ಗುರುತು ಹಿಡಿದು, ಚೀಲದ ತಳದಿಂದ ಒಂದು ಜೊತೆ ತೆಗೆದಳು. ಎಡಗವಸಿಗೆ ಇದ್ದದ್ದು ಹೆಬ್ಬೆರಳು, ತೋರುಬೆರಳು ಎರಡೇ. ಉಳಿದೆಡೆ ಹೆಣಿಗೆ ಒಂದು ಗಂಟೂ ಚುಚ್ಚದಂತೆ ನುಣ್ಣಗೆ ಮುಗಿದಿತ್ತು. "ಹೋದ ಚಳಿಗಾಲವೇ ಹೆಣೆದಿಟ್ಟಿದ್ದೆ. ಯಾವಾಗ ಈ ಕಡೆ ಬರ್ತೀರೋ ಅಂತ ಕಾಯ್ತಿದ್ದೆ." ಹಿರಿಯರು ಕೈಯನ್ನು ಹೊರತೆಗೆದು ಗವಸಿನೊಳಗೆ ತೂರಿಸಿ, ಎರಡೂ ಬೆರಳನ್ನು ಮಡಿಸಿ, ಬಿಡಿಸಿ ನೋಡಿದರು. ಆಮೇಲೆ ಆ ಕೈಯನ್ನೇ ಮೇಲೆತ್ತಿ ಬೀಸುತ್ತ, ತುಂಬಿದ ಬೀದಿಯ ನಡುವೆ ಬಲು ದೂರ ನಡೆದರು.