ಇಂಜಿನ್ನಿಗೆ ಹೊಯ್ದ ನೀರು

ಮೊನ್ನೆ ಮಾರ್ಕೋನಹಳ್ಳಿ ಅಣೆಕಟ್ಟೆಯ ಹತ್ತಿರ ನಮ್ಮ ಬೀಗರ ತೋಟಕ್ಕೆ ಹೋಗಿದ್ದೆವು. ಅವರು ಹೊಸದಾಗಿ ನಾಲ್ಕು ದಪ್ಪ ಚಕ್ರದ, ಕಲ್ಲು ಕೆಸರು ಏನಿದ್ದರೂ ಹತ್ತಿ ಹೋಗುವ ಗಾಡಿಯೊಂದನ್ನು ತಂದಿಟ್ಟಿದ್ದರು. ಅದು ಅವತ್ತು ಸ್ಟಾರ್ಟ್ ಆಗಲೊಲ್ಲದು. ಬೀಗರು ಬಟನ್ ಒತ್ತಿದರು, ಒತ್ತಿದರು, ಒತ್ತುತ್ತಲೇ ಇದ್ದರು. ಸ್ವಲ್ಪ ಹೊತ್ತಿಗೆ ಉರಿಯದ ಪೆಟ್ರೋಲಿನ ಘಾಟು ಮೂಗಿಗೆ ಬಡಿಯಿತು. "ನಿಲ್ಸಿ! ಬ್ಯಾಟ್ರಿ ಇಳಿಸ್ಬೇಡಿ, ಮೊದ್ಲು ಪ್ಲಗ್‌ಗೆ ಕರೆಂಟ್ ಬರ್ತಿದ್ಯಾ ನೋಡಿ" ಎಂದು ಕೂಗಿಬಿಟ್ಟೆ. ಎಲ್ಲರೂ ನನ್ನ ಮುಖ ನೋಡಿದರು. ಜೀವಮಾನವೆಲ್ಲ ಹೆರಿಗೆ ಮಾಡಿಸಿದ ಮುದುಕಿಗೆ ಇಂಜಿನ್ ವಿದ್ಯೆ ಎಲ್ಲಿಂದ ಬಂತು ಅಂತ.

ಕಲಿಸಿದವರು ಒಬ್ಬರಿದ್ದರು...

ಎಪ್ಪತ್ತರ ದಶಕದ ಕೊನೆಯ ಮಾತು. ಗುಬ್ಬಿ ತಾಲ್ಲೂಕಿನಲ್ಲಿ, ಸಿ.ಎಸ್. ಪುರದಿಂದಾಚೆಯ ಒಂದು ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ನಾನು ನರ್ಸ್. ವಯಸ್ಸು ಇಪ್ಪತ್ತಮೂರು, ಕೋಪ ಮೂಗಿನ ತುದಿಯಲ್ಲೇ. ಅಲ್ಲಿದ್ದ ಹಳೇ ಜೀಪಿಗೆ ಒಬ್ಬರು ಡ್ರೈವರು. ಎಲ್ಲರಿಗೂ ಅವರು ಡ್ರೈವರಣ್ಣ. ಹಣೆಯ ತುಂಬ ವಿಭೂತಿ, ಕಿವಿಯಲ್ಲಿ ಸದಾ ಅರ್ಧ ಬೀಡಿ. ಜೀಪು ಕೆಮ್ಮಿದರೆ ಬಾನೆಟ್ ಎತ್ತಿ, "ನೋಡಿ ಸಿಸ್ಟರಮ್ಮ, ಇದುಕ್ಕೆ ಬೇಕಾಗಿರೋದು ಎರಡೇ, ಪೆಟ್ರೋಲು, ಕರೆಂಟು. ಯಾವುದು ಬರ್ತಿಲ್ಲ ಅಂತ ಮೊದ್ಲು ತಿಳ್ಕೋಬೇಕು" ಎಂದು ಪಾಠ ಶುರುಮಾಡುತ್ತಿದ್ದರು. ಮುಂದುಗಡೆ ಕಬ್ಬಿಣದ ಹ್ಯಾಂಡಲ್ ಹಾಕಿ ತಿರುಗಿಸುವುದನ್ನೂ ತೋರಿಸಿದ್ದರು. ಹೆಬ್ಬೆರಳನ್ನು ಹ್ಯಾಂಡಲಿಗೆ ಸುತ್ತಬಾರದು, ಉಳಿದ ಬೆರಳುಗಳ ಕಡೆಗೇ ಇಟ್ಟುಕೊಳ್ಳಬೇಕು. ಇಂಜಿನ್ ಹಿಂದಕ್ಕೆ ಒದ್ದರೆ ಕೈ ತಾನಾಗಿ ಬಿಟ್ಟುಕೊಳ್ಳುತ್ತದೆ, ಇಲ್ಲದಿದ್ದರೆ ಮೂಳೆ ಮುರಿಯುತ್ತದೆ ಎನ್ನುತ್ತಿದ್ದರು.

ಅವತ್ತು ಆಯುಧಪೂಜೆ. ಜೀಪು ತೊಳೆದು, ಹೂವು ಬೂದುಗುಂಬಳ ತರಲು ಸಂತೆಬೀದಿಗೆ ಹೊರಟ ಡ್ರೈವರಣ್ಣ, "ಇಂಜಿನ್ ಒಳಗಡೆ ಬರೀ ಬಟ್ಟೇಲಿ ಒರೆಸಿ ಸಾಕು, ನೀರು ಬುಡ್ಬ್ಯಾಡಿ" ಎಂದು ನನಗೆ ಹೇಳಿ ಹೋದರು. ನನಗೆ ಒರೆಸುವ ತಾಳ್ಮೆ ಎಲ್ಲಿತ್ತು? ಪೂಜೆಗೆ ಫಳಫಳ ಹೊಳೆಯಲಿ ಅಂತ ಒಂದು ಬಕೆಟ್ ನೀರನ್ನು ಇಂಜಿನ್ ಮೇಲೆ ದಬದಬ ಹೊಯ್ದುಬಿಟ್ಟೆ. ಅವರು ಬರುವಷ್ಟರಲ್ಲಿ ಬಿಸಿಲಿಗೆ ಮೇಲೆಲ್ಲ ಒಣಗಿತ್ತು. ನಾನು ಹೇಳಲಿಲ್ಲ.

ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟಿದ್ದೆವಷ್ಟೆ, ಮಂಗಳಾರತಿ ಇನ್ನೂ ಆಗಿರಲಿಲ್ಲ. ಎತ್ತಿನ ಗಾಡಿಯೊಂದು ಓಡಿಬಂತು. ಒಳಗೆ ಚೊಚ್ಚಲ ಬಸುರಿ, ಜೊತೆಗೆ ಗಂಡ. ಬಗ್ಗಿ ನೋಡಿದೆ. ಮಗುವಿನ ಪುಟ್ಟ ಕೈಯೊಂದು ಮೊದಲು ಹೊರಗೆ ಬಂದಿತ್ತು. ಆಪರೇಷನ್ ಆಗದೆ ಇಬ್ಬರೂ ಉಳಿಯುವುದಿಲ್ಲ, ಆಪರೇಷನ್ ಎಂದರೆ ತುಮಕೂರು.

ಜೀಪು ಸ್ಟಾರ್ಟ್ ಆಗಲಿಲ್ಲ.

ಕೀಲಿ ತಿರುಗಿಸಿದಷ್ಟೂ ಇಂಜಿನ್ ನರಳಿತೇ ಹೊರತು ಹತ್ತಿಕೊಳ್ಳಲಿಲ್ಲ. ಘಾಟು ತುಂಬಿತು, ಬ್ಯಾಟರಿ ಇಳಿಯಿತು. ಡ್ರೈವರಣ್ಣ ಬಾನೆಟ್ ಎತ್ತಿ ಪ್ಲಗ್ಗಿನ ವೈರು ಕಿತ್ತು ಕಬ್ಬಿಣಕ್ಕೆ ಹಿಡಿದು, ಹ್ಯಾಂಡಲ್ ತಿರುಗಿಸಲು ನನಗೆ ಹೇಳಿದರು. ಕಿಡಿ ಇಲ್ಲ. "ಪೆಟ್ರೋಲ್ ಬತ್ತೈತೆ, ಕರೆಂಟ್ ಬತ್ತಿಲ್ಲ" ಎಂದರು. ಕರೆಂಟು ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದರು. ಒಳಗೆ ನೀರಿನ ಹನಿಗಳು. ಅವರು ಒಮ್ಮೆ ಬೋರಲು ಬಿದ್ದಿದ್ದ ಬಕೆಟ್ ಕಡೆ ನೋಡಿದರು, ನನ್ನ ಕಡೆ ನೋಡಲಿಲ್ಲ. "ಇಬ್ಬನಿ ಕಣ್ರಮ್ಮ" ಎಂದಷ್ಟೇ ಹೇಳಿ ಹೊಸ ಟವಲಿನಿಂದ ಒರೆಸತೊಡಗಿದರು. ಒಳಗಡೆ ಆ ಹೆಣ್ಣುಮಗಳು ಕಿರುಚುತ್ತಿದ್ದಳು. ನನ್ನಿಂದ ಆದದ್ದು ಎಂದು ಆ ಕ್ಷಣವೇ ನನಗೆ ತಿಳಿಯಿತು.

ಅವಸರದಲ್ಲಿ ಒರೆಸಿ ಮುಚ್ಚುವಾಗ ಡಿಸ್ಟ್ರಿಬ್ಯೂಟರ್ ಒಂಚೂರು ತಿರುಗಿಬಿಟ್ಟಿತ್ತಂತೆ, ಅದು ಆಮೇಲೆ ಗೊತ್ತಾದದ್ದು. ಹಾಗಾದರೆ ಇಂಜಿನ್ ಹಿಂದಕ್ಕೆ ಒದೆಯುತ್ತದೆ. ಡ್ರೈವರಣ್ಣ ತಾವೇ ಕಲಿಸಿದ್ದನ್ನು ಮರೆತು ಹ್ಯಾಂಡಲನ್ನು ಐದೂ ಬೆರಳಲ್ಲಿ ಬಿಗಿಯಾಗಿ ಹಿಡಿದು ಜೋರಾಗಿ ತಿರುಗಿಸಿದರು. ಫಟ್ ಎಂದು ಸದ್ದಾಯಿತು. "ಅಯ್ಯೋ ಶಿವನೇ" ಎಂದು ಮಂಡಿಯೂರಿದವರು ತಕ್ಷಣ ಎದ್ದು, ಎಡಗೈಯಲ್ಲಿ ಆ ಡಿಸ್ಟ್ರಿಬ್ಯೂಟರನ್ನು ಹಿಂದಕ್ಕೆ ತಿರುವಿ, ಎಡಗೈಯಲ್ಲೇ ಹ್ಯಾಂಡಲ್ ತಿರುಗಿಸಿದರು. ಜೀಪು ಗುಡುಗಿತು.

ಅವರ ಕೈ ನೋಡುವ ವ್ಯವಧಾನ ಯಾರಿಗಿತ್ತು? ಹಿಂದೆ ನಾನು ಬಸುರಿಯ ತಲೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಡ್ರೈವರಣ್ಣ ಮುಂದೆ ಕೂತ ಅವಳ ಗಂಡನಿಂದ ಗೇರು ಹಾಕಿಸುತ್ತಿದ್ದರು. "ಹೂಂ, ಹಿಂದುಕ್ಕೆಳಿ... ಈಗ ಮುಂದುಕ್ ನೂಕ್ಲಾ" ಎನ್ನುತ್ತಿದ್ದರು. ನನಗೆ ಮೈಯೆಲ್ಲ ಉರಿಯಿತು. "ಜೀವ ಹೋಗ್ತಿದೆ, ನೀವು ಆಟ ಆಡ್ತಿದೀರಾ ಡ್ರೈವರಣ್ಣ?" ಎಂದು ಬಾಯಿಗೆ ಬಂದಂತೆ ಬೈದೆ. ಗುಬ್ಬಿ ದಾಟುವವರೆಗೂ ಬೈದೆ. ಅವರು ಗೇರು ಹೇಳಿಕೊಡುತ್ತಲೇ ಇದ್ದರು.

ತುಮಕೂರಿನಲ್ಲಿ ತಾಯಿಯನ್ನು ಸ್ಟ್ರೆಚರಿನಲ್ಲಿ ಒಳಗೆ ಕಳಿಸಿ ಹೊರಗೆ ಬಂದೆ. ಡ್ರೈವರಣ್ಣ ಇನ್ನೂ ಸ್ಟೀರಿಂಗ್ ಮುಂದೆಯೇ ಕೂತಿದ್ದರು. "ಇಳೀರಿ" ಎಂದು ಬಾಗಿಲು ಎಳೆದೆ. ಬಲಗೈ ಮಣಿಕಟ್ಟಿನಿಂದ ಕೆಳಗೆ ಬೇರೆಯೇ ದಿಕ್ಕಿಗೆ ತಿರುಗಿ ತೊಡೆಯ ಮೇಲೆ ಬಿದ್ದಿತ್ತು. ಹೆಬ್ಬೆರಳು ಎಲ್ಲಿರಬೇಕೋ ಅಲ್ಲಿರಲಿಲ್ಲ. ನರ್ಸ್ ಆಗಿ ಏನೇನೋ ನೋಡಿದ್ದವಳು ನಾನು. ಅದನ್ನು ನೋಡಿ ಆಸ್ಪತ್ರೆಯ ಅಂಗಳದಲ್ಲೇ ವಾಂತಿ ಮಾಡಿಕೊಂಡೆ. "ಮಗು ಉಳೀತಾ?" ಎಂದು ಕೇಳಿದರು ಅವರು.

ತಾಯಿ, ಮಗು ಇಬ್ಬರೂ ಉಳಿದರು. ಕೈ ಉಳಿಯಲಿಲ್ಲ. ಮೂಳೆ ಸೊಟ್ಟಗೆ ಕೂಡಿಕೊಂಡಿತು, ಮುದ್ದೆ ಮುರಿಯಲೂ ಎಡಗೈಯೇ ಆಯಿತು. ವಿಚಾರಣೆಗೆ ಬಂದ ಸಾಹೇಬರ ಮುಂದೆ, ಇಂಜಿನ್ನಿಗೆ ನೀರು ಹೊಯ್ದದ್ದು ತಾನೇ ಎಂದು ಅವರು ಹೆಬ್ಬೆಟ್ಟು ಒತ್ತಿದರು, ಎಡಗೈಯದು. ಅವರು ಆಚೆ ಹೋದ ಮೇಲೆ ನನ್ನನ್ನು ಕರೆದರು, ಸಾಕ್ಷಿ ಎಂದು ಕೆಳಗೆ ನನ್ನ ಸಹಿ. ಡ್ರೈವರ್ ಕೆಲಸ ಹೋಯಿತು. ಕುಣಿಗಲ್ಲಿನಲ್ಲಿ ಒಂದು ಗೋದಾಮಿನ ಕಾವಲಿಗೆ ಹಾಕಿದರು. ನನಗೂ ವರ್ಗವಾಯಿತು, ಮದುವೆಯಾಯಿತು... ಒಂದು ಸಲ ಹೋಗಿ ಹೇಳಿಬರಬೇಕು ಎಂದುಕೊಳ್ಳುವುದರಲ್ಲೇ ವರ್ಷಗಳು ಕಳೆದವು.

ಮೊನ್ನೆ ತೋಟದಿಂದ ಹಿಂದಿರುಗುವಾಗ ಕುಣಿಗಲ್ಲಿನಲ್ಲಿ ಕಾರು ನಿಲ್ಲಿಸಲು ಹೇಳಿದೆ. ಕೇಳಿಕೊಂಡು ಕೇಳಿಕೊಂಡು ಅವರ ಮನೆ ಹುಡುಕಿದೆ. ಮಗಳು ಬಾಗಿಲು ತೆರೆದಳು, ಅವಳಿಗೂ ಕೂದಲು ನರೆತಿತ್ತು. ನಾನು ಯಾರೆಂದು ಹೇಳಿಕೊಂಡೆ.

"ಅಪ್ಪ ಹೋಗಿ ಮೂರು ವರ್ಷ ಆಯ್ತು ಸಿಸ್ಟರಮ್ಮ" ಎಂದಳು. ಜಗುಲಿಯಲ್ಲಿ ಕೂರಿಸಿ ಕಾಫಿ ತಂದುಕೊಟ್ಟಳು. ಎದುರಿಗೆ ಕೂತು ಅವಳೇ ಹೇಳಿದಳು: "ಇಂಜಿನ್‌ಗೆ ನೀರು ಹುಯ್ದಿದ್ದು ನೀವಂತಲ್ವಾ? ಅದ್ರಿಂದ್ಲೇ ಗಾಡಿ ನಿಂತಿದ್ದು ಅಂತ ನಿಮ್ಗೆ ಗೊತ್ತೇ ಇಲ್ಲ ಅಂತಿದ್ರು ಅಪ್ಪ. 'ಪಾಪ, ಚಿಕ್ಕ ಹುಡ್ಗಿ, ಗೊತ್ತಾದ್ರೆ ಕೊರಗ್ತದೆ, ಯಾರೂ ಬಾಯಿ ಬುಡ್ಬ್ಯಾಡಿ' ಅಂತ ನಮ್ಮತ್ರ ಆಣೆ ಹಾಕಿಸ್ಕೊಂಡಿದ್ರು. ಈಗ ಹೇಳಿದ್ರೇನು ಬುಡಿ, ಅವ್ರೇ ಇಲ್ಲ."

ಅವಳ ಮುಖ ನೋಡಲಾಗಲಿಲ್ಲ. ಹೇಳಬೇಕಾದವರು ಹೋಗಿಯಾಗಿತ್ತು. ಇವಳ ಹತ್ತಿರವಾದರೂ ಸುಳ್ಳು ಉಳಿಸಿ ಬರಬಾರದು ಅನ್ನಿಸಿತು.

"ನಂಗೆ ಅವತ್ತೇ ಗೊತ್ತಿತ್ತು ಕಣಮ್ಮ" ಎಂದೆ.

"ಗೊತ್ತಿತ್ತಾ?" ಎಂದಳು. ನನ್ನ ಮುಂದಿದ್ದ ಲೋಟವನ್ನು, ಇನ್ನೂ ಅರ್ಧ ಕಾಫಿ ಇದ್ದಂತೆಯೇ, ಎತ್ತಿಕೊಂಡು ಒಳಗೆ ಹೋದಳು. ನಾನು ಬಹಳ ಹೊತ್ತು ಜಗುಲಿಯಲ್ಲೇ ಕೂತಿದ್ದೆ. ಅವಳು ಹೊರಗೆ ಬರಲಿಲ್ಲ.