ಚುಕ್ಕಿ ಎರಡು ಮನೆ ಆಚೆಗೆ

ಮೊನ್ನೆ ಗಾವಡಗೆರೆ ಬಸ್ಸಿನಲ್ಲಿ ಬರುವಾಗ ಹೊಗೆಸೊಪ್ಪು ಬೇಯಿಸುವ ಯಾರದೋ ಬ್ಯಾರನ್ ಕೋಣೆಯ ಕಡೆಯಿಂದ ಸೊಪ್ಪು ಸೀದ ವಾಸನೆ ಬಂತು. ಕಿಟಕಿ ಮುಚ್ಚಿದೆ, ಮೂಗು ಮುಚ್ಚಿದೆ, ಆದರೂ ವಾಸನೆ ಬಿಡಲಿಲ್ಲ. ನಾನು ಚಿಕ್ಕವಳಿದ್ದಾಗ ನಮ್ಮ ಪಕ್ಕದ ಮನೆಯಲ್ಲಿದ್ದ ಕಂಪ್ಯೂಟರ್ ಮೇಷ್ಟ್ರು ಕಣ್ಮುಂದೆ ಬಂದರು...

ಹುಣಸೂರಿನ ಕಾಲೇಜೊಂದರಲ್ಲಿ ಪ್ರೋಗ್ರಾಮಿಂಗ್ ಕಲಿಸುತ್ತಿದ್ದರು. ಕೇಳದಿದ್ದರೂ ಉಪಕಾರ ಮಾಡುವ ಜನ. ಸೊಪ್ಪು ಬೇಯಿಸುವ ಬ್ಯಾರನ್ನಿನ ಕಾವು ನೋಡಲು ಅವ್ವ ಕಿಂಡಿಗೆ ಕಣ್ಣಿಟ್ಟು ಒದ್ದಾಡುವುದನ್ನು ಕಂಡು, ಒಳಗೊಂದು ಸೆನ್ಸರ್ ಇಳಿಬಿಟ್ಟು, ಹೊರಗೋಡೆಗೆ ಅಂಗೈಯಗಲದ ಪರದೆ ಕೂರಿಸಿಕೊಟ್ಟರು. ಪರದೆ ಪುಟ್ಟದೆಂದು ಎರಡೇ ಅಂಕಿ ತೋರಿಸುವಂತೆ ಪ್ರೋಗ್ರಾಂ ಬರೆದಿದ್ದರು. ಮೊದಲ ದಿನ ತೊಂಬತ್ತೈದು, ತೊಂಬತ್ತೆಂಟು ಡಿಗ್ರಿ ಫ್ಯಾರನ್‌ಹೀಟ್ ಎಂದು ಚೆನ್ನಾಗಿಯೇ ತೋರಿಸಿತು.

ಆಮೇಲೆ ಕಾವು ನೂರು ದಾಟಿ ಏರಿದಂತೆ, ಅದೇ ಎರಡಂಕಿಯ ಲೆಕ್ಕದಲ್ಲಿ 1.3e+02 ಎಂಬಂಥದ್ದು ಮೂಡತೊಡಗಿತು.

"ಕಾವೇ ಏರ್ತಾ ಇಲ್ಲ ಕಣವ್ವ, ಒಂದು ಪಾಯಿಂಟ್ ಮೂರು ಅಂತದೆ. ಒಳಗೆ ಒಲೆ ಬಿಸಿ ಹೋಗೋ ಕೊಳವೆ ಕಟ್ಕಂಡದೆ," ಎಂದು ನನಗೆ ಹೇಳುತ್ತಾ ಅವ್ವ ಒಲೆಗೆ ಸೌದೆ ತುರುಕಿದಳು. ಬಾಲದ e+02 ನಮ್ಮಿಬ್ಬರಿಗೂ ತಿಳಿಯದು; 1.5 ಆಯಿತು, 1.7 ಆಯಿತು. ಅವಳಿಗೆ ಅದು ಏನೇನೂ ಸಾಲದು. ಒಳಗೆ ಹೋಗಿ ಕೊಳವೆ ನೋಡುತ್ತೇನೆಂದು ಬಾಗಿಲ ಚಿಲಕಕ್ಕೆ ಕೈ ಹಾಕಿದಳು.

ಅದೇ ಹೊತ್ತಿಗೆ ಮೇಷ್ಟ್ರು ಬೇಲಿಯಾಚೆಯಿಂದ ಎಷ್ಟು ತೋರಿಸುತ್ತಿದೆ ಎಂದು ಕೇಳಿದರು. ಕಂಡದ್ದನ್ನು ಕಂಡ ಹಾಗೆ ಓದಿ ಹೇಳಿದೆ. ಕೇಳಿದ ಕೂಡಲೇ ಅವರು ಬೇಲಿ ದಾಟಿ ಓಡಿಬಂದರು.

"ಬಾಗ್ಲು ತೆಗೀಬ್ಯಾಡಿ ಕಣವ್ವ. ಗಾಳಿ ನುಗ್ಗುದ್ರೆ ಹತ್ಕತದೆ."

ಉರಿಯುವ ಕೊಳ್ಳಿಗಳನ್ನು ಒಲೆಯಿಂದ ಎಳೆದೆಳೆದು ಹಾಕಿದರು. ಆಮೇಲೆ ಮೆಲ್ಲಗೆ ನನಗೆ ಹೇಳಿದರು: "ಆ e ಆದ್ಮೇಲೆ ಪ್ಲಸ್ ಎರಡು ಐತಲ್ಲ, ಚುಕ್ಕಿನ ಎರಡು ಮನೆ ಬಲಕ್ಕೆ ಸರಿಸ್ಕೊ. ಮೈನಸ್ ಇದ್ರೆ ಎಡಕ್ಕೆ. ಇದು ನೂರೆಪ್ಪತ್ತು ಡಿಗ್ರಿ ಕಣವ್ವ."

ಅಲ್ಲಿಯವರೆಗೆ ನನಗೆ ಹೆದರಿಕೆಯೇ ಇರಲಿಲ್ಲ. ಅರ್ಥವಾದ ಮೇಲೆ ಪರದೆಯಿಂದ ಕಣ್ಣು ಕೀಳಲಾಗಲಿಲ್ಲ. ಸೌದೆ ತೆಗೆದರೂ ಅದು 1.8 ಆಯಿತು. ಒಳಗೆ ಒಣಗಿದ ಎಲೆ ಉದುರುವ ಸದ್ದು... ಒಂದೆಲೆ ಕಾದ ಕೊಳವೆಯ ಮೇಲೆ ಬಿದ್ದರೆ ಸಾಕಿತ್ತು, ಇಡೀ ಬ್ಯಾರನ್ ಹತ್ತಿಕೊಳ್ಳುತ್ತಿತ್ತು. ಸೂರಿನ ಸಂದಿಯಿಂದ ಸೀದ ವಾಸನೆ ಬಂತು. ಅವ್ವನ ಸೆರಗು ಹಿಡಿದು ಹಿಂದಕ್ಕೆ ಎಳೆಯುತ್ತಲೇ ಇದ್ದೆ. ಅಂತೂ 1.7ಕ್ಕೆ ಇಳಿಯಿತು, ಮತ್ತೆ 1.6... ಮೇಷ್ಟ್ರು ನೆಲದ ಮೇಲೆ ಕುಸಿದು ಕೂತರು.

"ಎರಡೇ ಅಂಕಿ ಸಾಕು ಅಂದ್ಕಂಡೆ," ಅಂದರು. ಪರದೆಯನ್ನು ಅವರೇ ಕಿತ್ತುಕೊಂಡು ಹೋದರು.

ಮುಂದೆ ಪಿರಿಯಾಪಟ್ಟಣಕ್ಕೆ ಮನೆ ಬದಲಿಸಿದರು. ಎಲ್ಲೇ ಸಿಕ್ಕಲಿ, ನನ್ನ ಕುಶಲ ಕೇಳುವ ಮೊದಲೇ, "ನಿಮ್ಮವ್ವ ಹೆಂಗವ್ರೆ?" ಎಂದು ಕೇಳುತ್ತಿದ್ದರು. ಉತ್ತರ ಬರುವ ತನಕ ಉಸಿರು ಹಿಡಿದಿರುತ್ತಿದ್ದರು.

ಹೋದ ವರ್ಷ ಅವರು ತೀರಿಕೊಂಡರಂತೆ. ನನಗೆ ತಿಳಿದದ್ದು ತಡವಾಗಿ. ಅವ್ವ ಚೆನ್ನಾಗಿದ್ದಾಳೆ, ಈ ಸಲವೂ ಸೊಪ್ಪು ಬೇಯಿಸುತ್ತಿದ್ದಾಳೆ. ಅಷ್ಟು ಹೆದರಿಕೊಂಡು ಅವಳನ್ನು ವಿಚಾರಿಸುವವರು ಈಗ ಯಾರೂ ಇಲ್ಲ.