ಹೂಂ ಅನ್ನುವ ಮೊದಲು

ಕಳೆದ ಆಷಾಢದ ಒಂದು ಮುಂಜಾನೆ. ಬಿಳಿಗೆರೆಯ ತೆಂಗಿನ ತೋಟಗಳ ನಡುವಿನ ದಾರಿಯಲ್ಲಿ ಇನ್ನೂ ನಸುಗತ್ತಲು. ಐವತ್ತೆರಡರ ಚಿಕ್ಕಗೌರಮ್ಮ ಹೆಗಲ ಚೀಲ ಸರಿಮಾಡಿಕೊಂಡು ಶೀಟಿನ ಮನೆಯೊಂದರ ಬಾಗಿಲು ತಟ್ಟುತ್ತಾರೆ. ಪೊಲೀಸರು ಬಂದು ಹೋದ ಮನೆಗೆ ಅವರು ಹೋಗುವುದು ಇದೇ ಹೊತ್ತಿನಲ್ಲಿ. ಬೆಳಕು ಹರಿದ ಮೇಲೆ ಹೋದರೆ, ಅಕ್ಕಪಕ್ಕದವರು ನೋಡುತ್ತಾರೆಂದು ಬಾಗಿಲೇ ತೆಗೆಯುವುದಿಲ್ಲ.

ಬಾಗಿಲು ತೆಗೆದವಳು ಭೈರಮ್ಮ. ಅವಳ ಗಂಡ ಆಂಜನಪ್ಪ ಕಾಯಿ ಸುಲಿಯುವ ಕೂಲಿ. ಅವನು ಕಾಯಿ ಸುಲಿದುಕೊಟ್ಟು ಬಂದಿದ್ದ ಮನೆಯೊಂದರ ಅಟ್ಟದಿಂದ ಎರಡು ಮೂಟೆ ಕೊಬ್ಬರಿ ಕಳುವಾಗಿದೆ, ಅವನನ್ನು ಹಿಡಿದು ಜೈಲಿಗೆ ಹಾಕಿದ್ದಾರೆ.

"ಲಾಯರ್ ಇಡಾಕೆ ನಮ್ ತಾವ ಏನೈತಕ್ಕ?"

"ಏನೂ ಬ್ಯಾಡ ಕಣೇ. ಒಳಗಿರೋರಿಗೆ ಸರ್ಕಾರನೇ ಲಾಯರ್ ಕೊಡುತ್ತೆ. ಅಳಾದ್ ಬುಡು, ಮುಖ ತೊಳ್ಕಂಡು ಬಾ. ಅರ್ಜಿ ಬರೆಯಾನ."

ಚಿಕ್ಕಗೌರಮ್ಮ ತಾಲ್ಲೂಕು ಕಾನೂನು ಸೇವಾ ಸಮಿತಿಯ ಸ್ವಯಂಸೇವಕಿ. ಓದಿದ್ದು ಏಳನೇ ತರಗತಿ. ಎಂಟು ವರ್ಷಗಳಲ್ಲಿ ಇನ್ನೂರಕ್ಕೂ ಹೆಚ್ಚು ಅರ್ಜಿಗಳನ್ನು ಬರೆದುಕೊಟ್ಟಿದ್ದಾರೆ. ವಾರದಲ್ಲಿ ಮೂರು ದಿನ ತಿಪಟೂರಿನ ಕೋರ್ಟು, ಉಳಿದ ದಿನ ಮನೆ ಮನೆ ಸುತ್ತಾಟ.

ಭೈರಮ್ಮನ ಅರ್ಜಿಗೆ ಮೂರೇ ದಿನಕ್ಕೆ ವಕೀಲೆ ನಿರ್ಮಲಾ ಸಿಕ್ಕರು. ಆದರೆ ತೊಡಕು ಎದುರಾದದ್ದು ಆಂಜನಪ್ಪನಿಂದಲೇ. ಜೈಲಿಗೆ ಹೋಗಿ ಕಂಡಾಗ ಅವನು ತಲೆ ತಗ್ಗಿಸಿಕೊಂಡೇ ಹೇಳಿದ: "ಒಪ್ಕಂಬುಡ್ತೀನಿ ಕಣಕ್ಕ. ಒಪ್ಕಂಡ್ರೆ ಬೇಗ ಬುಟ್ಬುಡ್ತಾರಂತೆ."

"ನೀನು ತಗಂಡಿದ್ಯೇನಪ್ಪ?"

"ಇಲ್ಲಕ್ಕ. ನಮ್ಮಪ್ಪನಾಣೆ."

"ಇಲ್ಲ ಅಂದ್ಮೇಲೆ ಇಲ್ಲ ಅಂತ್ಲೇ ಹೇಳು. ಉಳಿದಿದ್ದು ಲಾಯರಮ್ಮ ನೋಡ್ಕತ್ತಾರೆ."

ಅಷ್ಟು ಗಟ್ಟಿಯಾಗಿ ಹೇಳಲು ಕಾರಣವಿದೆ. ಹದಿನೆಂಟು ವರ್ಷಗಳ ಹಿಂದೆ ಚಿಕ್ಕಗೌರಮ್ಮನ ಗಂಡ ಗಂಗಾಧರಯ್ಯನವರ ಮೇಲೆ ಪಂಪ್‌ಸೆಟ್ಟಿನ ಕೇಬಲ್ ಕದ್ದ ಆರೋಪ ಬಂದಿತ್ತು. ಒಪ್ಪಿಕೊಂಡರೆ ದಂಡ ಕಟ್ಟಿ ಸಂಜೆಗೇ ಮನೆಗೆ ಹೋಗಬಹುದೆಂದು ಯಾರೋ ಹೇಳಿದರು. ಕದಿಯದ ಮನುಷ್ಯ ಹೂಂ ಅಂದುಬಿಟ್ಟರು. ಸಂಜೆಗೆ ಮನೆಗೇನೋ ಬಂದರು, ಆದರೆ ಮಾರನೆಯ ದಿನದಿಂದ ಊರಿನಲ್ಲಿ ಒಬ್ಬರೂ ಅವರನ್ನು ತೋಟದ ಕೆಲಸಕ್ಕೆ ಕರೆಯಲಿಲ್ಲ. ಮದುವೆ ಮನೆಗಳಲ್ಲಿ ಅವರು ಕೂತ ಪಂಕ್ತಿಯಿಂದ ಜನ ಎದ್ದು ಹೋದದ್ದೂ ಉಂಟು.

ಹತ್ತು ವರ್ಷ ಕಳೆದ ಮೇಲೆ ಊರಿನ ಶಾಲೆಯಲ್ಲಿ ಕಾನೂನು ಅರಿವು ಕಾರ್ಯಕ್ರಮ ನಡೆಯಿತು. ಆರೋಪಿಗೂ ಉಚಿತವಾಗಿ ವಕೀಲರು ಸಿಗುತ್ತಾರೆಂದು ಚಿಕ್ಕಗೌರಮ್ಮನಿಗೆ ಗೊತ್ತಾದದ್ದೇ ಅಲ್ಲಿ. "ಎದ್ದು ನಿಂತ್ಕಂಡು ಕೇಳ್ಬುಟ್ಟೆ. ಇದನ್ನ ಆವತ್ತು ಯಾಕ್ ಸ್ವಾಮಿ ಯಾರೂ ಹೇಳ್ಲಿಲ್ಲ ಅಂತ." ಮುಂದಿನ ತಿಂಗಳೇ ಸ್ವಯಂಸೇವಕರ ತರಬೇತಿಗೆ ಹೆಸರು ಕೊಟ್ಟರು.

ಕೊಬ್ಬರಿ ಕಳುವಾಯಿತೆನ್ನುವ ರಾತ್ರಿ ಆಂಜನಪ್ಪ ನೊಣವಿನಕೆರೆಯ ತೋಟವೊಂದರಲ್ಲಿ ತಂಗಿದ್ದ. ಚಿಕ್ಕಗೌರಮ್ಮ ಎರಡು ಸಲ ಬಸ್ಸು ಹತ್ತಿ ಹೋಗಿ ಆ ತೋಟದವರನ್ನು ಹುಡುಕಿದರು. ತೋಟದವರು ಕೊಟ್ಟ ಹೇಳಿಕೆಯನ್ನು ನಿರ್ಮಲಾ ನ್ಯಾಯಾಧೀಶರ ಮುಂದಿಟ್ಟರು. ಜೈಲಿಗೆ ಹೋದ ಹದಿಮೂರನೆಯ ದಿನ ಜಾಮೀನು ಸಿಕ್ಕಿತು.

ಕಳೆದ ತಿಂಗಳು ಕೋರ್ಟಿನಲ್ಲಿ ಆರೋಪ ಓದಿ ಹೇಳುವ ದಿನ. ಒಪ್ಪುತ್ತೀಯಾ ಎಂದು ನ್ಯಾಯಾಧೀಶರು ಕೇಳಿದಾಗ ಆಂಜನಪ್ಪ ಒಮ್ಮೆ ಹಿಂದೆ ತಿರುಗಿ ನೋಡಿದ. ಕೊನೆಯ ಬೆಂಚಿನಲ್ಲಿದ್ದ ಚಿಕ್ಕಗೌರಮ್ಮ ಮಿಸುಕಲಿಲ್ಲ.

"ಇಲ್ಲ ಸ್ವಾಮಿ, ನಾನು ಕದ್ದಿಲ್ಲ" ಅಂದ ಅವನ ದನಿ ಬಾಗಿಲ ತನಕ ಕೇಳಿಸಿತು.

ವಿಚಾರಣೆ ಇನ್ನೂ ನಡೆಯುತ್ತಿದೆ. ಭೈರಮ್ಮ ಈಗ ಹಗಲಿನಲ್ಲೇ ಚಿಕ್ಕಗೌರಮ್ಮನ ಮನೆಗೆ ಬಂದು ಹೋಗುತ್ತಾಳೆ.

ಇಷ್ಟೆಲ್ಲ ಮಾಡಿ ನಿಮಗೇನು ಸಿಕ್ಕಿತು ಎಂದರೆ ಚಿಕ್ಕಗೌರಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ನಗುತ್ತಾರೆ. "ಅವತ್ತು ಕೋರ್ಟಿಂದ ಮನೆಗೋಗಿ ನಮ್ ಯಜಮಾನ್ರಿಗೆ ಹೇಳ್ದೆ ಕಣ್ರೀ, ಆಂಜನಪ್ಪ ಕದ್ದಿಲ್ಲ ಅಂದ ಅಂತ. ಉಣ್ತಾ ಕೂತಿದ್ರು. ಕೈ ನಿಲ್ಸಿ, ಏನಂದ, ಇನ್ನೊಂದ್ ಕಿತ ಹೇಳು ಅಂದ್ರು. ಹೇಳ್ದೆ."